ಯಾವ ಥರದ ಬೇಜಾರು?

ಗುರುವಾರ ಬೆಳಿಗ್ಗೆ ಎಂದಿನಂತೆ ಐದೂವರೆಗೆ ಎದ್ದೆ. ಬಾಗಿಲ ಹಿಡಿಗೆ ನೇತುಹಾಕಿದ ಚೀಲದಿಂದ ಹಾಲಿನ ಪ್ಯಾಕೆಟ್ಟುಗಳನ್ನು ತೆಗೆದು, ಒಂದನ್ನು ಕಾಯಲು ಇಟ್ಟು, ಫಿಲ್ಟರಿಗೆ ಕಾಫಿಪುಡಿ ಹಾಕಿ ಬಿಸಿನೀರು ಸುರಿದೆ. ವೆಸ್ಟ್ ಮಾಂಬಲಂನ ನಮ್ಮ ಸಂದಿಯಲ್ಲಿ ಆ ಹೊತ್ತಿಗೇ ಅರ್ಧ ದಿನ ಆಗಿಹೋದ ಹಾಗಿರುತ್ತದೆ. ಹೂವಿನವಳು ಕೂಗಿಕೊಂಡು ಹೋಗಿಯಾಗಿತ್ತು. ಕೆಳಗೆ ಇಸ್ತ್ರಿಯವನು ಇದ್ದಿಲಿಗೆ ಗಾಳಿ ಹಾಕುತ್ತಿದ್ದ. ನನ್ನ ನಾದಿನಿ ವನಜ ಸ್ನಾನ ಮುಗಿಸಿ ಬಂದು, ವಾರದ ಏಳು ಖಾನೆಗಳಿರುವ ಮಾತ್ರೆಯ ಡಬ್ಬಿಯಲ್ಲಿ ‘ಗುರು’ ಎಂದು ಬರೆದ ಮುಚ್ಚಳ ತೆರೆದು, “ಅತ್ತಿಗೆ, ನುಂಗಿದೆ” ಎಂದು ಅಡಿಗೆಮನೆಗೆ ಕೇಳುವಂತೆ ಹೇಳಿದಳು. ಅದು ದಿನಾ ಹೇಳುವ ಮಾತು. ಅದಕ್ಕೆ ನಾನು “ಹೂಂ” ಅನ್ನುವುದೂ ದಿನಾ.

ನಮ್ಮವರ ಡಬ್ಬಿಗೆ ಉಪ್ಪಿಟ್ಟು ತುಂಬುತ್ತಿದ್ದಾಗ ಫೋನಿನಲ್ಲಿ ಸಂದೇಶ ಬಂತು. ಆಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿ ಕೆಲಸ ಮಾಡುವ ಹುಡುಗಿ ಕಳಿಸಿದ್ದು. ಸಾರ್ ನಿನ್ನೆ ಸಂಜೆ ಹೃದಯಾಘಾತದಿಂದ ತೀರಿಕೊಂಡರು, ಹನ್ನೊಂದು ಗಂಟೆಯೊಳಗೆ ಪಲ್ಲಾವರಂ ಮನೆಗೆ ಬಂದರೆ ನೋಡಬಹುದು, ಎಂದಿತ್ತು. ಸೌಟು ಕೈಯಲ್ಲಿ ಹಿಡಿದುಕೊಂಡೇ ಎರಡು ಸಲ ಓದಿದೆ.

“ವನಜ, ಫೈಲ್ ಮಾಮ ಹೋಗ್ಬಿಟ್ರಂತೆ.”

“ಎಲ್ಲಿಗೆ?” ಎಂದವಳು ನನ್ನ ಮುಖ ನೋಡಿ ಲೋಟ ಕೆಳಗಿಟ್ಟಳು. ಆಮೇಲೆ, “ನಾನೂ ಬರ್ತೀನಿ ಅತ್ತಿಗೆ. ಯಾವ ಸೀರೆ ಉಡ್ಲಿ?” ಎಂದಳು. ಮದುವೆ ಮುಂಜಿಗೂ ಬರದವಳು ಅವಳು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರ ಫೈಲುಗಳಲ್ಲಿ ಯಾರ ಹೆಸರೂ ಇರುತ್ತಿರಲಿಲ್ಲ, ನಂಬರು ಮಾತ್ರ. “ಹೆಸರು ಬರೆದ್ರೆ ಊರಿಗೆಲ್ಲಾ ಗೊತ್ತಾಗತ್ತಮ್ಮಾ, ನಂಬರಿಗೆ ನೆಂಟರಿಲ್ಲ” ಎನ್ನುತ್ತಿದ್ದರು. ಅವರ ಮಾತು ಅವರಿಗೂ ಸಲ್ಲಲಿ.

ಅವರು ಡಾಕ್ಟರಲ್ಲ. ಮನಸ್ಸಿನ ಕಾಯಿಲೆಯವರಿಗೆ ಹೊಸ ಚಿಕಿತ್ಸೆ ಕೊಟ್ಟಾಗ ನಿಜಕ್ಕೂ ಗುಣ ಕಾಣುತ್ತದೆಯೇ ಎಂದು ತಿಂಗಳು ತಿಂಗಳು ಪ್ರಶ್ನೆ ಕೇಳಿ, ಉತ್ತರಕ್ಕೆ ಅಂಕ ಹಾಕಿ ಬರೆದುಕೊಳ್ಳುವುದು ಅವರ ಕೆಲಸ. “ಡಾಕ್ಟರಿಗೆ ಕಿವಿ ನಾನು” ಎಂದು ತಮ್ಮನ್ನು ಪರಿಚಯಿಸಿಕೊಂಡಿದ್ದರು. ಅರ್ಧ ತೋಳಿನ ಬಿಳಿ ಶರ್ಟು, ಹಣೆಯಲ್ಲಿ ತೆಳ್ಳಗೆ ಒಂದು ಕೆಂಪು ನಾಮ, ಮಳೆಯಿಲ್ಲದಿದ್ದರೂ ಕೊಡೆ. ಚಪ್ಪಲಿಯನ್ನು ಬಾಗಿಲಿಗೆ ಬೆನ್ನು ಮಾಡಿ ಜೋಡಿಸಿಟ್ಟು ಬರುವರು. ಹೊರಡುವಾಗ ಕಾಲು ತೂರಿಸಿದರೆ ಸಾಕು, ತಿರುಗಬೇಕಿಲ್ಲ. ಕೂತ ಕೂಡಲೇ ಕೈಗಡಿಯಾರ ಬಿಚ್ಚಿ ಮೇಜಿನ ಮೇಲೆ ಮುಖ ಕೆಳಗೆ ಮಾಡಿ ಇಡುವರು. ಇದು ಯಾಕೆಂದು ಬಹಳ ದಿನ ನನಗೆ ತಿಳಿಯಲಿಲ್ಲ. ಎದುರಿಗಿರುವವರು ಮಾತಾಡುವಾಗ ತಾವು ಗಡಿಯಾರ ನೋಡಬಾರದೆಂದು.

ನಾಲ್ಕು ತಲೆಮಾರಿನ ಹಿಂದೆ ಮೈಸೂರು ಸೀಮೆಯಿಂದ ಮದ್ರಾಸಿಗೆ ಬಂದು ನಿಂತ ವೈಷ್ಣವ ಮನೆತನ ಅವರದು. ಮನೆಮಾತು ಕನ್ನಡ. ಕನ್ನಡವೆಂದರೆ, ಅವರು ಕನ್ನಡ ಎಂದು ನಂಬಿಕೊಂಡಿದ್ದ ಒಂದು ಭಾಷೆ. “ಅಪ್ಪುರಂ ಬರ್ತೇನೆ ಮಾಮಿ”, “ಕರೆಂಟ್ ನಿಂತುಹೋಯ್ತಾ? ಅಯ್ಯೋ ಪಾವಂ.” ಆಮೇಲೆ ಅನ್ನುವುದಕ್ಕೆ ಅಪ್ಪುರಂ, ಪಾಪ ಅನ್ನುವುದಕ್ಕೆ ಪಾವಂ. ಮೈಸೂರಿನಲ್ಲಿ ಕಾನ್ವೆಂಟ್ ಓದಿ, ಕನ್ನಡವನ್ನು ಸೆಕೆಂಡ್ ಲ್ಯಾಂಗ್ವೇಜ್ ಎಂದು ಕಲಿತ ನನಗೇ ನಗು ಬರುತ್ತಿತ್ತು. ಆದರೆ ಆಸ್ಪತ್ರೆಯಲ್ಲಿ ಕನ್ನಡ ಬಲ್ಲವರು ಅವರೊಬ್ಬರೇ. ವನಜಳಿಗೆ ತಮಿಳು ಅರ್ಥವಾದರೂ ನಾಲಗೆಗೆ ಬರುತ್ತಿರಲಿಲ್ಲ. ಹಾಗಾಗಿ ಅವರು ನಮ್ಮ ಪಾಲಿಗೆ ಬಂದರು.

ವನಜಳಿಗೆ ಡಿಗ್ರಿಯ ಕೊನೆಯ ವರ್ಷದಲ್ಲಿ ಕಾಯಿಲೆ ಶುರುವಾದದ್ದು. ಯಾರೂ ಇಲ್ಲದ ಕಡೆಯಿಂದ ಮಾತು ಕೇಳಿಸುವುದು, ಅದಕ್ಕೆ ಉತ್ತರ ಕೊಡುವುದು, ಊಟ ನಿದ್ದೆ ಬಿಡುವುದು. ನಮ್ಮವರಿಗೆ ಚೆನ್ನೈಗೆ ವರ್ಗವಾದಾಗ ಅತ್ತೆ, ವನಜ ನಮ್ಮ ಜೊತೆ ಬಂದರು. ಇಲ್ಲಿಯ ಡಾಕ್ಟರ ಮಾತ್ರೆಯಿಂದ ಆ ಮಾತುಗಳು ತಗ್ಗಿದ್ದವು. ಆದರೆ ಅವಳು ದಿನವೆಲ್ಲ ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದಳು. ಇರುವ ಮಾತ್ರೆಯ ಜೊತೆಗೆ ಇನ್ನೊಂದು ಹೊಸ ಮಾತ್ರೆ ಕೊಟ್ಟು ನೋಡುವ ಅಧ್ಯಯನ ನಡೆಯುತ್ತಿದೆ, ಸೇರುತ್ತೀರಾ ಎಂದು ಡಾಕ್ಟರು ಕೇಳಿದರು. ವಿವರ ಹೇಳಲು ಇವರು ಮನೆಗೆ ಬಂದರು.

ಅತ್ತೆಗೆ ಮೊದಲ ನೋಟಕ್ಕೇ ಆಗಲಿಲ್ಲ. “ಏನ್ರೀ, ನನ್ನ ಮಗಳೇನು ಇಲೀನಾ, ಅವಳ ಮೇಲೆ ಪ್ರಯೋಗ ಮಾಡೋಕೆ?”

“ಇಲೀನ ಯಾರೂ ಕೇಳಲ್ಲ ಮಾಮಿ. ನಾವು ಕೇಳ್ತೇವೆ. ಅಷ್ಟೇ ವ್ಯತ್ಯಾಸ” ಎಂದರು ಅವರು, ಸ್ವಲ್ಪವೂ ಮುನಿಯದೆ. ಅರ್ಧ ಜನಕ್ಕೆ ಅಸಲಿ ಮಾತ್ರೆ, ಅರ್ಧ ಜನಕ್ಕೆ ನೋಡಲು ಹಾಗೇ ಇರುವ, ಔಷಧವಿಲ್ಲದ ಮಾತ್ರೆ ಎಂದು ವಿವರಿಸಿದರು.

“ಅವಳಿಗೆ ಕೊಡೋದು ಯಾವುದು ಅಂತ ನನ್ನ ಕಿವೀಲಿ ಹೇಳ್ಬಿಡಿ, ಯಾರಿಗೂ ಹೇಳಲ್ಲ.”

“ನನಗೂ ಗೊತ್ತಿಲ್ಲ ಮಾಮಿ. ಗೊತ್ತಾದ್ರೆ ನಾನು ಒಳ್ಳೆ ಮಾತ್ರೆಯವರಿಗೆ ಒಳ್ಳೆ ಮಾರ್ಕು ಹಾಕ್ಬಿಡ್ತೇನೆ. ಮನುಷ್ಯ ಅಲ್ವಾ.”

ನಮ್ಮವರು ಅಷ್ಟರಲ್ಲಿ ಪೆನ್ನು ತೆಗೆದು, ಎಲ್ಲಿ ಸಹಿ ಹಾಕಬೇಕೆಂದು ಕೇಳಿದರು. ಇವರು ಕಾಗದವನ್ನು ನಿಧಾನವಾಗಿ ತಮ್ಮ ಕಡೆ ಎಳೆದುಕೊಂಡು, “ನಿಮ್ದಲ್ಲ ಸಾರ್, ಅವಳದು” ಎಂದರು. ವನಜಳ ಕುರ್ಚಿಗಿಂತ ತಗ್ಗಾದ ಬೆತ್ತದ ಸ್ಟೂಲು ಎಳೆದುಕೊಂಡು ಕೂತು, ನಾಲ್ಕು ಪುಟವನ್ನೂ ಓದಿ ಹೇಳಿದರು. ಬೇಡವೆಂದರೂ ಈಗಿನ ಚಿಕಿತ್ಸೆ ಹಾಗೇ ನಡೆಯುತ್ತದೆ, ಡಾಕ್ಟರು ಕೋಪಿಸಿಕೊಳ್ಳುವುದಿಲ್ಲ ಎಂದರು. ಕೊನೆಗೆ, “ಏನಮ್ಮಾ, ಸೇರ್ತೀಯಾ?”

“ಬೇಡ” ಎಂದಳು ವನಜ.

ನಮ್ಮ ಮೂವರ ಬಾಯಿಯೂ ಒಟ್ಟಿಗೆ ತೆರೆಯಿತು. ಅವರು ಫೈಲು ಮುಚ್ಚಿ, “ಸರಿಮ್ಮಾ” ಎಂದು, ನನ್ನ ಕಡೆ ತಿರುಗಿ, “ಈಗ ಕಾಫಿ ಕೊಡಬಹುದು” ಎಂದರು. ಸಕ್ಕರೆ ಕಮ್ಮಿ ಎಂದು ಕೇಳಿ ಹಾಕಿಸಿಕೊಂಡು ಕುಡಿದು ಹೋದರು. ಅಷ್ಟು ವರ್ಷಗಳಲ್ಲಿ ವನಜ ಬೇಡ ಎಂದದ್ದು ಬೇಡವೇ ಆಗಿ ಉಳಿದದ್ದು ಅದೇ ಮೊದಲು. ಇಂಜೆಕ್ಷನ್ ಬೇಡ, ಹುಳಿ ಬೇಡ, ನೆಂಟರ ಮನೆ ಬೇಡ, ಯಾವುದನ್ನೂ ನಾವು ಕಿವಿಗೆ ಹಾಕಿಕೊಂಡಿರಲಿಲ್ಲ. ಕಾಯಿಲೆಯವಳು, ಅವಳಿಗೇನು ಗೊತ್ತು ಎಂದುಕೊಂಡಿದ್ದೆವು. ಮೂರು ವಾರದ ಮೇಲೆ ಬಟ್ಟೆ ಮಡಿಸುತ್ತಾ ಅವಳೇ ಕೇಳಿದಳು. “ಅತ್ತಿಗೆ, ಆ ಫೈಲ್ ಮಾಮ ಮತ್ತೆ ಬರಲ್ವಾ?” ಆ ಹೆಸರು ಅವಳೇ ಇಟ್ಟದ್ದು.

ಹೀಗೆ ಅವಳು ಸೇರಿದಳು. ತಿಂಗಳಿಗೊಮ್ಮೆ ಅವರು ಬರುವರು. ಪ್ರಶ್ನೆಗಳು ಮುಗಿಯುವವರೆಗೆ ನೀರು ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. “ಮೊದಲೇ ಕಾಫಿ ಕುಡಿದ್ರೆ ನಾನು ನೆಂಟ ಆಗ್ಬಿಡ್ತೇನೆ. ನೆಂಟರ ಹತ್ರ ಎಲ್ಲಾರೂ ಚೆನ್ನಾಗಿದೇನೆ ಅಂತಾರೆ.” ಅವಳು ಒಂದು ಉತ್ತರಕ್ಕೆ ಐದು ನಿಮಿಷ ತೆಗೆದುಕೊಂಡರೂ ಪೆನ್ನನ್ನು ಎತ್ತಿದಲ್ಲೇ ಹಿಡಿದು ಕಾಯುವರು. ನಾವೆಲ್ಲ ಅವಳ ವಾಕ್ಯವನ್ನು ನಾವೇ ಮುಗಿಸಿ ಅಭ್ಯಾಸವಾದವರು. ನಾನು ಅಡಿಗೆಮನೆಯಿಂದ ಬಾಯಿ ಹಾಕಿದರೆ, “ಅಮ್ಮಾ, ನಿಮ್ಮ ಟರ್ನ್ ಅಪ್ಪುರಂ” ಎಂದು ಅಲ್ಲಿಂದಲೇ ಹೇಳುವರು. ಅದಾದ ಮೇಲೆ ನಾನು ಕುಕ್ಕರಿನ ವಿಷಲ್ಲನ್ನೂ ಅವರಿದ್ದಾಗ ಕೂಗಿಸುತ್ತಿರಲಿಲ್ಲ.

ನಾಲ್ಕನೆಯ ತಿಂಗಳು ಅವರು ಬಂದಾಗ ಬೆವರಿಳಿಯುತ್ತಿತ್ತು. ಎಂದಿನಂತೆ ಪ್ರಶ್ನೆ ಕೇಳಿದರು. ಹೋದ ವಾರ ಮನಸ್ಸು ಹೇಗಿತ್ತು ಎಂದರೆ ವನಜ “ಬೇಜಾರು” ಎಂದಳು. “ಯಾರಾದ್ರೂ ಬೇಜಾರು ಮಾಡಿದ್ರಾ?” “ಯಾರೂ ಮಾಡಿಲ್ಲ.” ಅವರು ಅಂಕ ಹಾಕಿಕೊಂಡು ಮುಂದೆ ಹೋದರು. ಎಲ್ಲ ಮುಗಿದ ಮೇಲೆ ಕಾಫಿ ಕೊಟ್ಟೆ. ಅವರು ಕಾಫಿ ಆರಿಸುತ್ತಾ, “ಸ್ಟೇಷನ್ ಹತ್ರ ಆಟೋದವನ ಜತೆ ಇವತ್ತು ಒಂದೇ ಬೇಜಾರಮ್ಮಾ” ಎಂದರು.

“ಅಯ್ಯೋ, ಏನಂದ ಸಾರ್? ಇಂಥವರ ಮಾತಿಗೆಲ್ಲಾ ಬೇಜಾರು ಮಾಡ್ಕೋಬೇಡಿ.”

“ನಾನ್ಯಾಕೆ ಮಾಡ್ಕೋತೇನೆ? ಬೇಜಾರು ಮಾಡಿದ್ದು ಅವನು. ದಾರಿ ಬಿಡೋ ಅಂದ್ರೆ ಬಿಡದೆ ತಕರಾರು.”

ನನಗೆ ನಗು ಬಂತು. “ತಕರಾರಿಗೆ ಯಾರಾದ್ರೂ ಬೇಜಾರು ಅಂತಾರಾ ಸಾರ್?”

“ಪಿನ್ನೆ, ಮತ್ತೇನು? ಬೇಜಾರು ಅಂದ್ರೆ ತೊಂದರೆ, ಕಿರಿಕಿರಿ. ನಮ್ಮ ಮದ್ರಾಸಲ್ಲಿ ಎಲ್ಲಾರೂ ಹಾಗೇ...” ಎಂದವರು ಅಲ್ಲಿಗೇ ನಿಲ್ಲಿಸಿದರು. ಲೋಟವನ್ನು ಕೆಳಗಿಟ್ಟರು. ಆ ಲೋಟ ಇಟ್ಟ ರೀತಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ, ಸದ್ದಾಗಬಾರದೆಂಬ ಹಾಗೆ, ಎರಡೂ ಕೈಯಲ್ಲಿ. “ನಿಮ್ಮ ಊರಲ್ಲಿ ಬೇಜಾರು ಅಂದ್ರೆ ಏನಮ್ಮಾ?”

“ಒಂದೊಂದ್ಸಲ ಹೊತ್ತು ಹೋಗಲ್ಲ ಅಂತ. ಒಂದೊಂದ್ಸಲ ದುಃಖ. ಒಂದೊಂದ್ಸಲ, ಯಾತಕ್ಕಾದ್ರೂ ಇದೀನಪ್ಪಾ ಅನ್ನೋ ಹಾಗೆ.”

“ವನಜ ಹೇಳೋದು ಯಾವುದು?”

ನನಗೆ ಗೊತ್ತಿರಲಿಲ್ಲ. ಅವಳ ಜೊತೆ ಒಂದೇ ಮನೆಯಲ್ಲಿದ್ದು, ಅವಳ ತಲೆ ಬಾಚಿ, ಅವಳ ತಟ್ಟೆಗೆ ಬಡಿಸಿ, ದಿನಕ್ಕೆ ಹತ್ತು ಸಲ ಅವಳ ಬಾಯಲ್ಲಿ ಆ ಪದ ಕೇಳಿದವಳು ನಾನು. “ಬೇಜಾರಾದ್ರೆ ಟಿ.ವಿ. ಹಾಕ್ಕೋ” ಎಂದಿದ್ದೆ, ಅಷ್ಟೇ.

ಅವರು ಫೈಲನ್ನು ಮತ್ತೆ ತೆರೆದರು. ಹಿಂದಿನ ತಿಂಗಳುಗಳ ಹಾಳೆ ತಿರುವಿದರು. ಮೂರು ಕಡೆ ಅದೇ ಪದ. ಮೂರು ಕಡೆಯೂ ‘ಮನೆಯವರಿಂದ ಕಿರಿಕಿರಿ ಇಲ್ಲ’ ಎಂದು ಬರೆದು ಸೊನ್ನೆ ಹಾಕಿದ್ದರು. ಇವತ್ತಿನದು ನಾಲ್ಕನೆಯದು. ವನಜಳ ಕೋಣೆಗೆ ಹೋಗಿ, ಅವಳ ಮಂಚದ ಪಕ್ಕ ನೆಲದ ಮೇಲೇ ಕೂತರು.

“ವನಜ, ಬೇಜಾರು ಅಂದಿಯಲ್ಲ. ಯಾವ ಥರದ ಬೇಜಾರು?”

ಅವಳು ತುಂಬ ಹೊತ್ತು ಯೋಚಿಸಿದಳು. “ಬೆಳಿಗ್ಗೆ ಎಚ್ಚರ ಆಗತ್ತಲ್ಲ ಮಾಮ, ಅದೇ ಬೇಜಾರು. ಯಾಕಾದ್ರೂ ಎಚ್ಚರ ಆಯ್ತೋ ಅಂತ.”

“ಸಾಯಬೇಕು ಅನ್ನಿಸತ್ತಾ?”

ಬಾಗಿಲಲ್ಲಿ ನಿಂತಿದ್ದ ನಾನು ಚೌಕಟ್ಟು ಹಿಡಿದುಕೊಂಡೆ. ನಮ್ಮ ಮನೆಯಲ್ಲಿ ಆ ಪದ ಆಡುವುದಿಲ್ಲ. ಸೊಳ್ಳೆ ಹೊಡೆದರೂ ‘ಹೋಯ್ತು’ ಎನ್ನುತ್ತೇವೆ. ಅವರು ಮಾತ್ರ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವಷ್ಟು ಸರಳವಾಗಿ ಕೇಳಿದ್ದರು. ಅವಳೂ ಅಷ್ಟೇ ಸರಳವಾಗಿ, “ಹೂಂ. ದಿನಾ” ಎಂದಳು. ಆಮೇಲೆ, ಯಾರೋ ಬಹಳ ದಿನದಿಂದ ಹೊತ್ತ ಚೀಲವನ್ನು ಕೈಯಿಂದ ತೆಗೆದುಕೊಂಡ ಹಾಗೆ ಭುಜ ಇಳಿಸಿ ಅತ್ತಳು.

ಅವರು ಬಾಲ್ಕನಿಯಿಂದ ಡಾಕ್ಟರಿಗೆ ಫೋನ್ ಮಾಡಿದರು. ಆ ಮಧ್ಯಾಹ್ನವೇ ನಾವು ಮೂವರೂ ಆಸ್ಪತ್ರೆಗೆ ಹೋದೆವು. ಆಟೋ ಹತ್ತುವ ಮೊದಲು ಅವರು ಅವಳ ಎದುರು ನಿಂತು ಕೈ ಮುಗಿದರು. “ನೀನು ತಿಂಗಳು ತಿಂಗಳು ಹೇಳಿದ್ದೀಯಮ್ಮಾ. ನನಗೆ ಕೇಳಿಸಿಲ್ಲ. ತಪ್ಪು ನಂದು. ಮನ್ನಿಚ್ಚಿಡು.” ಕ್ಷಮಿಸು ಎನ್ನುವ ಹೊತ್ತಿಗೆ ಅವರ ಬಾಯಿಗೆ ಬಂದದ್ದು ತಮಿಳೇ.

“ಪರವಾಗಿಲ್ಲ ಮಾಮ” ಎಂದಳು ವನಜ. “ಅತ್ತಿಗೆಗೂ ಕೇಳಿಸಿಲ್ಲ.”

ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಹತ್ತು ದಿನ ಆಸ್ಪತ್ರೆಯಲ್ಲಿದ್ದಳು. ಡಾಕ್ಟರು ಅವಳನ್ನು ಅಧ್ಯಯನದಿಂದ ಹೊರಗೆ ತೆಗೆದು ಬೇರೆ ಔಷಧ ಸೇರಿಸಿದರು. ನಾನು ಅಲ್ಲಿ ಅವಳ ಪಕ್ಕ ಕೂತು, ಅವಳು ವಾಕ್ಯ ಮುಗಿಸುವವರೆಗೆ ಕಾಯುವುದನ್ನು ಕಲಿತೆ. ಕಷ್ಟ. ನಾಲಗೆಯನ್ನು ಹಲ್ಲಿನ ಹಿಂದೆ ಕಟ್ಟಿಹಾಕಬೇಕು.

ಅಲ್ಲೇ ಒಂದು ದಿನ ಅವರು ಕಾರಿಡಾರಿನ ಬೆಂಚಿನ ಮೇಲೆ ಕೂತು ಫೈಲು ತಿದ್ದುತ್ತಿದ್ದರು. ತಪ್ಪು ಬರೆದ ಸಾಲಿನ ಮೇಲೆ ಒಂದೇ ಒಂದು ಗೆರೆ, ಪಕ್ಕದಲ್ಲಿ ಸರಿಯಾದದ್ದು, ತಾರೀಕು, ತಮ್ಮ ಸಹಿ. ನಾಲ್ಕು ಹಾಳೆಯಲ್ಲೂ ಹಾಗೇ. ನಮ್ಮ ಕಾನ್ವೆಂಟಿನಲ್ಲಿ ಚಿತ್ತಿಲ್ಲದ ಪುಟಕ್ಕೆ ಸಿಸ್ಟರ್ ನಕ್ಷತ್ರ ಹಾಕುತ್ತಿದ್ದರು. ಹಾಗಾಗಿ ನಾವು ತಪ್ಪನ್ನು ರಬ್ಬರಿನಿಂದ ಉಜ್ಜಿ ಉಜ್ಜಿ ಕಾಗದ ತೂತಾಗುವವರೆಗೆ ಅಳಿಸುತ್ತಿದ್ದೆವು. “ವೈಟ್ನರ್ ಹಾಕಬಾರದಾ ಸಾರ್?” ಎಂದು ಕೇಳಿದೆ.

“ಹಾಕೋ ಹಾಗೇ ಇಲ್ಲಮ್ಮಾ. ಕೆಳಗಿನ ತಪ್ಪು ಓದೋಕೆ ಬರಬೇಕು. ಇಲ್ಲಾಂದ್ರೆ ನಾನು ಹುಟ್ಟಿದಾಗಿಂದ ಸರಿಯಾಗೇ ಇದ್ದೆ ಅಂತ ಆಗಿಬಿಡತ್ತೆ.”

ಮೇಲಿನವರು, ಒಬ್ಬ ರೋಗಿ, ಒಂದು ಪದ, ಇಷ್ಟಕ್ಕೆ ಬಿಡಿ ಎಂದರಂತೆ. ಇವರು ಬಿಡಲಿಲ್ಲ. ತಾವು ಕನ್ನಡದಲ್ಲಿ ಮಾತಾಡಿಸಿದ ಉಳಿದವರ ಫೈಲುಗಳನ್ನೂ ತೆಗೆಸಿ, ಅವರನ್ನೆಲ್ಲ ಹೊರಗಿನಿಂದ ಕರೆಸಿದ ಕನ್ನಡದವರು ಮತ್ತೆ ಮಾತಾಡಿಸುವಂತೆ ಬರೆದುಕೊಟ್ಟರು. ನನ್ನಿಂದಲೂ ಒಂದು ಸಹಾಯ ಕೇಳಿದರು. ಚೆನ್ನೈಯಲ್ಲಿರುವ ಬೇರೆ ಬೇರೆ ಊರಿನ ಕನ್ನಡದ ಹೆಂಗಸರನ್ನು ಬೇಜಾರು ಎಂದರೇನು ಎಂದು ಕೇಳಿ ಬರೆದುಕೊಡಬೇಕಂತೆ. ನಾನು ಉತ್ಸಾಹದಿಂದ ಹೊರಟೆ. ಹಾಸನದವರು ಅದು ಗಂಡನ ಮೇಲೆ ಬರುವಂಥದ್ದು ಎಂದರು. ಹುಬ್ಬಳ್ಳಿಯವರು, “ನಮ್ಮಲ್ಲಿ ಬ್ಯಾಸರ ಅಂತೀವ್ರೀ. ದಿನಾ ಅದೇ ಪಲ್ಯ ಮಾಡಿದ್ರ ಬರ್ತೈತಲ್ಲ, ಅದು” ಎಂದರು. ಬೆಸೆಂಟ್ ನಗರದಲ್ಲಿ ಮೂರು ತಲೆಮಾರಿನಿಂದ ಇರುವ ಅಜ್ಜಿಯೊಬ್ಬರು, “ನೀನು ಹೀಗೆ ಬೆಲ್ ಹೊಡ್ದು ಎಬ್ಬಿಸಿದೆಯಲ್ಲ, ಇದೇ ಬೇಜಾರು” ಎಂದು ಕಡ್ಡಿ ಮುರಿದಂತೆ ಹೇಳಿದರು. ಸಾರ್ ಅದನ್ನು ಓದಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. “ನಮ್ಮ ಮದ್ರಾಸ್ ಪಾರ್ಟಿ ಇವರು!”

ನನ್ನ ದುಂಡು ಅಕ್ಷರದ ಆ ಹಾಳೆಯಿಂದ ಹುಟ್ಟಿದ್ದು ಇಷ್ಟೇ. ಅವರ ಕನ್ನಡದ ಪ್ರಶ್ನೆಪಟ್ಟಿಯಲ್ಲಿ ಒಂದು ಹೊಸ ಸಾಲು ಸೇರಿತು. ಬೇಜಾರು ಎಂದು ಉತ್ತರ ಬಂದರೆ ಅಲ್ಲಿಗೆ ಬಿಡದೆ ‘ಯಾವ ಥರದ ಬೇಜಾರು?’ ಎಂದು ಕೇಳಬೇಕು, ಕೇಳಿ ಕಾಯಬೇಕು.

ಎಷ್ಟೋ ದಿನದ ಮೇಲೆ ಅವರು ಪಲ್ಲಾವರಂ ಸಂತೆಯಿಂದ ಒಂದು ಕಟ್ಟು ಮೆಂತ್ಯದ ಸೊಪ್ಪು ಹಿಡಿದುಕೊಂಡು ಬಂದರು. ಅಂದು ಫೈಲು ಇರಲಿಲ್ಲ. ಬಂದ ಕೂಡಲೇ ಕಾಫಿ ಕೇಳಿದರು. “ಈಗ ನಾನು ನೆಂಟ” ಎಂದು ಅತ್ತೆಯ ಹತ್ತಿರ ಹೇಳಿಕೊಂಡರು. ಅಧ್ಯಯನ ಮುಗಿದಿತ್ತು. ಆ ಹೊಸ ಮಾತ್ರೆಯಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲವಂತೆ. ಇಷ್ಟು ಓಡಾಡಿದ್ದೂ ದಂಡವಾಯಿತಲ್ಲ ಎಂದು ನಾನು ಪೇಚಾಡಿದೆ. ಅವರು ನನ್ನನ್ನು ಅಚ್ಚರಿಯಿಂದ ನೋಡಿದರು. “ಇಲ್ಲ ಅಂತ ಗೊತ್ತಾಯ್ತಲ್ಲಮ್ಮಾ! ಇನ್ಮೇಲೆ ಯಾರೂ ಅದನ್ನ ಸುಮ್ಮನೆ ನುಂಗಬೇಕಿಲ್ಲ.” ಸೊಪ್ಪನ್ನು ವನಜಳ ಮುಂದಿಟ್ಟು, ಇಬ್ಬರೂ ಕೂತು ಬಿಡಿಸಿದರು. ಅವಳು ನಿಧಾನ, ಅವರು ಇನ್ನೂ ನಿಧಾನ. ಅಂದು ನಮ್ಮ ಮನೆಯಲ್ಲಿ ಊಟವಾದದ್ದು ಎರಡೂವರೆಗೆ.

ಗುರುವಾರ ಮಾಂಬಲಂನಿಂದ ಲೋಕಲ್ ಹಿಡಿದು ಪಲ್ಲಾವರಂಗೆ ಹೋದೆವು. ಮನೆಯ ಮುಂದೆ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿಗಳು. ಒಳಗೆ ಅವರು ಅದೇ ಶಾಂತ ಮುಖದಲ್ಲಿ ಮಲಗಿದ್ದರು. ಮಣಿಕಟ್ಟಿನಲ್ಲಿ ಗಡಿಯಾರದ ಜಾಗ ಮಾತ್ರ ಬೆಳ್ಳಗೆ ಉಳಿದಿತ್ತು. ಅವರ ಹೆಂಡತಿ ನಮ್ಮನ್ನು ನೋಡಿ, “ಯಾರು ಅಂತ ಗೊತ್ತಾಗ್ಲಿಲ್ಲ” ಎಂದರು. ನಮ್ಮ ಹೆಸರನ್ನು ಸಾರ್ ಮನೆಯಲ್ಲಿ ಒಂದು ದಿನವೂ ಆಡಿರಲಿಲ್ಲ ಎಂಬುದು ಆಗ ತಿಳಿಯಿತು. ನಾನು ಹೇಗೆ ಹೇಳಲಿ ಎಂದು ತಡವರಿಸುವಷ್ಟರಲ್ಲಿ ವನಜಳೇ ಹೇಳಿದಳು. “ಮಾಮ ನಮ್ಮನೆಗೆ ಪ್ರಶ್ನೆ ಕೇಳೋಕೆ ಬರ್ತಿದ್ರು.”

ಆಕೆ ವನಜಳ ಮುಖವನ್ನೇ ನೋಡಿದರು. “ಒಂದು ದಿನ ಬಂದು ಊಟ ಮಾಡದೆ ಕೂತಿದ್ರು. ಏನೂಂದ್ರೆ, ಒಬ್ಬ ಹುಡುಗಿ ನಮ್ಮ ಕನ್ನಡದಲ್ಲೇ ಹೇಳಿದಾಳೆ, ನನಗೆ ಕೇಳಿಸಿಲ್ಲ ಅಂದ್ರು. ಅದು ನೀನಾಮ್ಮಾ?”

“ನಾನೇ ಮಾಮಿ. ಆಮೇಲೆ ಕೇಳಿಸಿಕೊಂಡ್ರು” ಎಂದಳು ವನಜ. ಆಕೆ ಅವಳ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಎತ್ತುವ ಹೊತ್ತಾಯಿತೆಂದು ಯಾರೋ ಬಂದು ಕರೆದ ಮೇಲೆ ಬಿಟ್ಟರು.

ಮನೆಗೆ ಬಂದು ತಲೆಗೆ ಸ್ನಾನ ಮಾಡಿ, ಅನ್ನ ಸಾರು ಮಾಡಿ ಉಂಡೆವು. ವನಜ ಮಲಗಿದಳು. ಸಂಜೆ ನಾನು ಬಾಗಿಲು ತೆರೆದು ದೀಪ ಹಚ್ಚುತ್ತಿದ್ದಾಗ ಎದುರು ಫ್ಲ್ಯಾಟಿನ ಮಾಮಿ ಬಂದರು. ತಮಿಳರು, ನಮ್ಮ ಕಟ್ಟಡದ ಸಂಘದ ಕಾರ್ಯದರ್ಶಿ, ನೀರಿನ ಮೋಟಾರಿನ ಯಜಮಾನಿ. ಎಂಟು ವರ್ಷದ ನೆರೆಯಲ್ಲಿ ತಮ್ಮದೇ ಒಂದು ಕನ್ನಡ ಮಾಡಿಕೊಂಡಿದ್ದಾರೆ. ಬೆಳಗಿನ ವಿಷಯವೇನೂ ಅವರಿಗೆ ಗೊತ್ತಿರಲಿಲ್ಲ. ಮಗಳ ಬಾಣಂತನಕ್ಕೆ ಮುಂದಿನ ವಾರ ಕೊಯಮತ್ತೂರಿಗೆ ಹೊರಟಿದ್ದರು.

“ಮೋಟಾರ್ ರೂಮ್ ಚಾವಿ ನಿನ್ನೇನೇ ವನಜಾ ಕೈಲಿ ಕೊಟ್ಟುಟ್ಟೆ. ಬೆಳಿಗ್ಗೆ ಸಾಯಂಕಾಲ ಅವಳೇ ಹಾಕ್ಲಿ. ನಾನು ಬರೋಕೆ ಆರು ಮಾಸ ಆಗತ್ತೆ.”

“ಆರು ತಿಂಗಳಾ ಮಾಮಿ?” ಎಂದೆ.

“ಆಮಾ. ನೀವೆಲ್ಲಾ ಊರು, ಕಲ್ಯಾಣ ಅಂತ ಹೊರಟ್ಹೋಗ್ತೀರಿ, ನಂಬೋಕಾಗಲ್ಲ” ಎಂದು ಮಾಮಿ ಹೂವಿನ ಪೊಟ್ಟಣ ನನ್ನ ಕೈಗಿಟ್ಟು ಆಗಲೇ ತಮ್ಮ ಬಾಗಿಲಿಗೆ ತಿರುಗಿದ್ದರು. “ವನಜಾ ಎಲ್ಲಿ ಹೋಗ್ತಾ? ಅವಳ್ ಇಲ್ಲೇ ತಾನೇ ಇರ್ತಾ!”